ಅಮೆರಿಕದ ಹೈಸ್ಕೂಲು ಮಕ್ಕಳ ಪೌರನೀತಿ ಪಾಠ ಮತ್ತು ನಮ್ಮ ಸಂಘ

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಎರಡನೆಯ ದಿನ, ಪ್ರೌಢಶಾಲಾ ವಿದ್ಯಾರ್ಥಿಗಳು ಹಾಗೂ ಸದಸ್ಯರ ಸಮ್ಮುಖದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭದಲ್ಲಿ ಹಾಲು, ಹಿಂಡಿ, ಬೋನಸ್ಸು ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ನಿನ್ನೆಯೇ ಮಾತಾಡಿದ್ದಾರೆ. ನಮಗೆ ಅಧ್ಯಕ್ಷರು, "ನೀವು ಮಕ್ಕಳಿಗೆ ಉಪಯೋಗ ಆಗೋವಂಥದ್ದು ಏನಾದ್ರೂ ಹೇಳಿ" ಎಂದು ಅಪ್ಪಣೆ ಕೊಟ್ಟರು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಆಮೇಲೆ ನೇಗಿಲು ಹಿಡಿದವರು. ಆದರೂ ಈವತ್ತು ಅಮೆರಿಕ ದೇಶದಲ್ಲಿ ಹೈಸ್ಕೂಲು ಮಕ್ಕಳಿಗೆ ಸರ್ಕಾರ ಅಂದರೇನು, ಪೌರ ಅಂದರೆ ಯಾರು ಎಂಬುದನ್ನು ಹೇಗೆ ಕಲಿಸುತ್ತಾರೆ ಎಂಬ ವಿಚಾರವಾಗಿ ಎರಡು ಮಾತು ಹೇಳಲು ಹೊರಟಿದ್ದೇವೆ. ಜಿಲ್ಲೆ ದಾಟಿ ಹೋಗದವರು ಅಮೆರಿಕದ ಮಾತು ಆಡ್ತಾರಲ್ಲ ಎಂದು ನಗಬೇಡಿ. ಅದಕ್ಕೆ ಒಂದು ಕಾರಣವಿದೆ.

ನಮ್ಮ ದೊಡ್ಡಪ್ಪನ ಮಗ, ನಮಗೆ ಅಣ್ಣನಾಗಬೇಕು, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಂಜಿನಿಯರು. ಹೋದ ಬೇಸಿಗೆಯಲ್ಲಿ ಮನೆಮಂದಿಯನ್ನೆಲ್ಲ ಕರಕೊಂಡು ಊರಿಗೆ ಬಂದಿದ್ದರು. ಅವರ ಮಗಳು ಅಲ್ಲೇ ಹುಟ್ಟಿ ಅಲ್ಲೇ ಹೈಸ್ಕೂಲು ಓದುತ್ತಿರುವ ಹುಡುಗಿ. ಕನ್ನಡ ಆಡುತ್ತಾಳೆ, ಓದಲು ಸ್ವಲ್ಪ ತಡವರಿಸುತ್ತಾಳೆ. ಒಂದು ದಿನ ಬೆಳಿಗ್ಗೆ ನಮ್ಮ ಮನೆಯವರ ಜೊತೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಬಂದಳು. ಹಾಲು ಅಳೆಯುವುದು, ಫ್ಯಾಟು ನೋಡುವುದು, ಪುಸ್ತಕದಲ್ಲಿ ಬರೆಯುವುದು ಎಲ್ಲವನ್ನೂ ನಿಂತು ನೋಡಿದಳು. ಆಮೇಲೆ ಒಂದೊಂದೇ ಪ್ರಶ್ನೆ ಶುರು ಮಾಡಿದಳು.

"ಚಿಕ್ಕಪ್ಪ, ಈ ಸಂಘ ಯಾರದ್ದು?"

"ನಮ್ಮೆಲ್ಲರದ್ದು ಕಣಮ್ಮ."

"ನಿಮ್ಮನ್ನ ಡೈರೆಕ್ಟರ್ ಮಾಡಿದ್ದು ಯಾರು?"

"ಸದಸ್ಯರು."

"ಎಷ್ಟು ಓಟು ಬಂತು?"

ಅಲ್ಲಿ ನಮಗೆ ಸ್ವಲ್ಪ ಇರುಸುಮುರುಸಾಯಿತು. ಓಟೇ ನಡೆದಿರಲಿಲ್ಲ. ಹಿರಿಯರೆಲ್ಲ ಅರಳಿಕಟ್ಟೆಯ ಮೇಲೆ ಕೂತು ಮಾತಾಡಿಕೊಂಡು ಅವಿರೋಧವಾಗಿ ಆರಿಸಿದ್ದರು. ಅದನ್ನೇ ಹೇಳಿದೆವು. ಅವಳು ಸುಮ್ಮನಿರಲಿಲ್ಲ. "ರೂಲ್ಸ್ ಪುಸ್ತಕ ಇದೆಯಾ? ನೋಡಬಹುದಾ?" ಅಂದಳು. ಬೈಲಾ ಪುಸ್ತಕ ಬೀರುವಿನಲ್ಲಿತ್ತು. ನಾವು ನಿರ್ದೇಶಕರಾಗಿ ಇಷ್ಟು ವರ್ಷವಾದರೂ ಅದನ್ನು ತೆರೆದು ನೋಡಿರಲಿಲ್ಲ ಎಂಬ ಸತ್ಯವನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಕಾರ್ಯದರ್ಶಿಗಳು ನಡವಳಿ ಪುಸ್ತಕ ತಂದು ಮುಂದಿಟ್ಟಾಗ ಓದದೆ ರುಜು ಹಾಕಿದ್ದೂ ಉಂಟು.

ಕೊನೆಯ ಪ್ರಶ್ನೆ ನಮಗೆ ನೇರವಾಗಿ ತಾಗಿತು. "ಹಸು ತೊಳೆಯೋದು ಚಿಕ್ಕಮ್ಮ, ಹಾಲು ಕರೆಯೋದು ಚಿಕ್ಕಮ್ಮ, ತಂದು ಹಾಕೋದೂ ಚಿಕ್ಕಮ್ಮ. ಪಾಸ್‌ಬುಕ್ಕಲ್ಲಿ ನಿಮ್ಮ ಹೆಸರಿದೆ. ಚಿಕ್ಕಮ್ಮಂಗೆ ಓಟಿಲ್ವಾ?"

ನಮ್ಮ ಮನೆಯವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾವು ನಗಲಿಲ್ಲ. ಹದಿನಾರು ವರ್ಷದ ಹುಡುಗಿಗೆ ಇಂಥ ಪ್ರಶ್ನೆ ಕೇಳುವುದನ್ನು ಯಾರು ಕಲಿಸಿದರು ಎಂದು ಆಶ್ಚರ್ಯವಾಯಿತು. ರಾತ್ರಿ ಊಟ ಆದ ಮೇಲೆ ಅವಳ ಶಾಲೆಯ ಪಾಠದ ವಿಷಯ ಕೇಳಿದೆವು. ಆಮೇಲೂ ಅಣ್ಣನನ್ನು ಫೋನಿನಲ್ಲಿ ವಿಚಾರಿಸಿ, ನಮ್ಮ ಮೇಷ್ಟ್ರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಆ ದೇಶದ ಸರ್ಕಾರದ ವಿಷಯ, ಚಿಕ್ಕದಾಗಿ. ಅವರ ಸಂವಿಧಾನ ಬರೆದದ್ದು 1787ರಲ್ಲಿ, ಫಿಲಡೆಲ್ಫಿಯಾ ಪಟ್ಟಣದಲ್ಲಿ. ಅದರಲ್ಲಿ ಏಳೇ ವಿಧಿಗಳು, ಇದುವರೆಗೆ 27 ತಿದ್ದುಪಡಿಗಳು. ಕಾನೂನು ಮಾಡುವುದು ಕಾಂಗ್ರೆಸ್ ಎಂಬ ಸಂಸತ್ತು. ಅದರಲ್ಲಿ ಎರಡು ಮನೆ. ಸೆನೆಟ್ಟಿಗೆ ರಾಜ್ಯಕ್ಕೆ ಇಬ್ಬರಂತೆ 100 ಜನ, ಇನ್ನೊಂದಕ್ಕೆ ಜನಸಂಖ್ಯೆಯ ಪ್ರಕಾರ 435 ಜನ. ನಮ್ಮಲ್ಲಿ ಪ್ರಧಾನಮಂತ್ರಿಗಳು ಸಂಸತ್ತಿನ ಒಳಗೇ ಕೂರುತ್ತಾರೆ. ಅಲ್ಲಿ ಅಧ್ಯಕ್ಷರು ಸಂಸತ್ತಿನ ಸದಸ್ಯರಲ್ಲ. ನಾಲ್ಕು ವರ್ಷಕ್ಕೊಮ್ಮೆ ಬೇರೆಯೇ ಚುನಾವಣೆ. 1951ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಆ ಸ್ಥಾನಕ್ಕೆ ಆಯ್ಕೆಯಾಗುವಂತಿಲ್ಲ. ಮೂರನೆಯದು ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟು. ಈ ಮೂರೂ ಒಂದನ್ನೊಂದು ತಡೆದು ಹಿಡಿಯಬೇಕು ಎಂಬುದೇ ಏರ್ಪಾಡು. ಒಂದೇ ಎತ್ತಿನ ಕೈಗೆ ಗಾಡಿ ಕೊಡಬಾರದು ಎಂಬ ಲೆಕ್ಕ.

ಶಿಕ್ಷಣ ಅಲ್ಲಿ ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. ಇಡೀ ದೇಶಕ್ಕೆ ಒಂದೇ ಪೌರನೀತಿ ಪುಸ್ತಕ ಎಂಬುದು ಇಲ್ಲ. ಶಾಲೆ ನೋಡಿಕೊಳ್ಳಲು ಊರೂರಿನಲ್ಲೂ ಶಾಲಾ ಮಂಡಲಿಗಳಿವೆ. ಬಹಳ ಕಡೆ ಅದರ ಸದಸ್ಯರನ್ನು ಊರಿನ ಜನವೇ ಓಟು ಹಾಕಿ ಆರಿಸುತ್ತಾರೆ. ಹೀಗಾಗಿ ಪೌರನೀತಿ ಕಲಿಸುವ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ.

ಒಂದು ರೀತಿ ಪ್ರಶ್ನೋತ್ತರದ್ದು. ಬೇರೆ ದೇಶದವರು ಅಮೆರಿಕದ ಪೌರರಾಗಬೇಕಾದರೆ ಒಂದು ಪರೀಕ್ಷೆ ಕೊಡಬೇಕು. 2008ರಲ್ಲಿ ಬಂದ ಪದ್ಧತಿಯಲ್ಲಿ 100 ಪ್ರಶ್ನೆಗಳ ಪಟ್ಟಿ ಇತ್ತು. ಅಧಿಕಾರಿ ಅದರಲ್ಲಿ ಹತ್ತು ಕೇಳುತ್ತಿದ್ದರು, ಆರಕ್ಕೆ ಸರಿ ಉತ್ತರ ಹೇಳಿದರೆ ಪಾಸು. 2025ರ ಅಕ್ಟೋಬರಿನಲ್ಲಿ ಇದನ್ನು ಬಿಗಿ ಮಾಡಿ ಪಟ್ಟಿಯನ್ನು 128 ಪ್ರಶ್ನೆಗೆ ಏರಿಸಿದರು. ಇಪ್ಪತ್ತು ಕೇಳಿದರೆ ಹನ್ನೆರಡು ಸರಿಯಾಗಬೇಕು ಎಂದಾಯಿತು. ನಮ್ಮ ಅಣ್ಣ ಹಳೆಯ ಪದ್ಧತಿಯಲ್ಲಿ ಪಾಸಾದವರು. ಆಗ ಈ ಹುಡುಗಿ ಚಿಕ್ಕವಳು. ಅಡಿಗೆ ಮನೆಯಲ್ಲಿ ಅಪ್ಪನನ್ನು ನಿಲ್ಲಿಸಿ, "ಸೆನೆಟರ್ ಎಷ್ಟು ಜನ? ದೇಶದ ಅತ್ಯುಚ್ಚ ಕಾನೂನು ಯಾವುದು?" ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳಂತೆ. ನಮ್ಮ ದೇಶದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಪ್ರಮಾಣ ವಚನ ತೆಗೆದುಕೊಂಡು ಭಾರತದ ಪಾಸ್‌ಪೋರ್ಟು ಹಿಂದಕ್ಕೆ ಕೊಟ್ಟ ದಿನ ಅಣ್ಣ ಊಟ ಮಾಡಲಿಲ್ಲ ಎಂದು ಅತ್ತಿಗೆ ಹೇಳಿದರು. ಪೌರತ್ವ ಎಂಬುದು ಬರೀ ಕಾಗದದ ವ್ಯವಹಾರವಲ್ಲ, ಮಕ್ಕಳೇ.

ಪರದೇಶದವರಿಗೆ ಕೇಳುವ ಈ ಪ್ರಶ್ನೆಗಳನ್ನೇ ನಮ್ಮ ಮಕ್ಕಳಿಗೂ ಯಾಕೆ ಕೇಳಬಾರದು ಎಂದು ಅರಿಜೋನಾ ರಾಜ್ಯದವರು 2015ರಲ್ಲಿ ಒಂದು ಕಾನೂನು ಮಾಡಿದರು. ಆ ಬಗೆಯ ಕಾನೂನು ಮಾಡಿದವರಲ್ಲಿ ಅವರೇ ಮೊದಲು. ಹೈಸ್ಕೂಲು ಮುಗಿಸಬೇಕಾದರೆ ಆ 100 ಪ್ರಶ್ನೆಗಳಲ್ಲಿ 60ಕ್ಕಾದರೂ ಸರಿ ಉತ್ತರ ಬರೆಯಬೇಕು ಎಂದು ಮೊದಲು ಗೊತ್ತು ಮಾಡಿದರು. ಆಮೇಲೆ ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು.

ಇನ್ನೊಂದು ರೀತಿ ನಮ್ಮ ಹುಡುಗಿ ಓದುವ ಇಲಿನಾಯ್ ರಾಜ್ಯದ್ದು. ಅದೇ 2015ರಲ್ಲಿ ಅಲ್ಲಿ ಆದ ಕಾನೂನಿನ ಪ್ರಕಾರ ಹೈಸ್ಕೂಲಿನಲ್ಲಿ ಅರ್ಧ ವರ್ಷ ಪೌರನೀತಿ ಕಡ್ಡಾಯ. ಅದರಲ್ಲಿ ನಾಲ್ಕು ಸಂಗತಿ ಇರಲೇಬೇಕು. ಸರ್ಕಾರದ ಸಂಸ್ಥೆಗಳ ಪರಿಚಯ ಒಂದು. ದೇಶದಲ್ಲಿ ಆಗ ನಡೆಯುತ್ತಿರುವ, ಜನ ಎರಡು ಪಕ್ಷವಾಗಿರುವಂಥ ವಿಷಯಗಳನ್ನು ತರಗತಿಯಲ್ಲೇ ಚರ್ಚೆ ಮಾಡುವುದು ಎರಡು. ಊರಿಗೆ ಉಪಯೋಗವಾಗುವ ಕೆಲಸ ಮಾಡಿ ಅದರಿಂದ ಪಾಠ ಕಲಿಯುವುದು ಮೂರು. ಸಂಸತ್ತು, ಕೋರ್ಟು, ಚುನಾವಣೆ ಇವುಗಳನ್ನು ಮಕ್ಕಳೇ ನಡೆಸಿ ನೋಡುವುದು ನಾಲ್ಕು.

ಈ ನಾಲ್ಕನೆಯದರ ಬಗ್ಗೆ ಹುಡುಗಿ ಹೇಳಿದ್ದನ್ನು ಸ್ವಲ್ಪ ವಿವರಿಸಬೇಕು. ಅವಳ ತರಗತಿಯಲ್ಲಿ ಒಂದು ನಿಜವಾದ ಮೊಕದ್ದಮೆಯನ್ನು ನಾಟಕದಂತೆ ನಡೆಸಿದರು. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆ ಮೊಯ್ನ್ ಪಟ್ಟಣದಲ್ಲಿ ನಡೆದ ಸಂಗತಿ. ಅಯೋವಾ ಅಂದರೆ ಜೋಳ, ಹಂದಿ ಸಾಕಣೆಗೆ ಹೆಸರಾದ ರೈತರ ರಾಜ್ಯ. ವಿಯಟ್ನಾಂ ಯುದ್ಧದಲ್ಲಿ ಸಾಯುತ್ತಿದ್ದವರಿಗಾಗಿ ಶೋಕ ಸೂಚಿಸಿ, ಯುದ್ಧ ನಿಲ್ಲಲಿ ಎಂದು ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಮೇರಿ ಬೆತ್ ಟಿಂಕರ್ ಎಂಬ ಹುಡುಗಿಗೆ 13 ವರ್ಷ, ಅವಳ ಅಣ್ಣ ಜಾನ್‌ಗೆ 15. ಶಾಲೆಯವರು ಪಟ್ಟಿ ಬಿಚ್ಚಿ ಬರುವ ತನಕ ಬರಬೇಡಿ ಎಂದು ಮನೆಗೆ ಕಳಿಸಿದರು. ಮಕ್ಕಳ ಕಡೆಯವರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತರು. ಕೊನೆಗೆ 1969ರಲ್ಲಿ ಸುಪ್ರೀಂ ಕೋರ್ಟು ಒಂಬತ್ತರಲ್ಲಿ ಏಳು ನ್ಯಾಯಮೂರ್ತಿಗಳ ಬಹುಮತದಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. ಪಾಠಕ್ಕೆ ಅಡ್ಡಿ ಮಾಡದೆ, ಬೇರೆಯವರ ಹಕ್ಕಿಗೆ ತೊಂದರೆ ಕೊಡದೆ ತನ್ನ ಅಭಿಪ್ರಾಯ ತೋರಿಸುವ ಹಕ್ಕು ವಿದ್ಯಾರ್ಥಿಗೂ ಉಂಟು, ಶಾಲೆಯ ಬಾಗಿಲು ದಾಟಿದ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂಬುದು ಅದರ ಸಾರಾಂಶ.

ನಮ್ಮ ಹುಡುಗಿಗೆ ಮಕ್ಕಳ ಪರ ವಾದ ಮಾಡುವ ಆಸೆ. ಮೇಷ್ಟ್ರು ಬೇಕೆಂತಲೇ ಅವಳಿಗೆ ಶಾಲೆಯ ಪರ ವಕೀಲಿ ಕೊಟ್ಟರಂತೆ. ಸಿಟ್ಟು ಬಂತಂತೆ. ಆದರೆ ವಾದ ತಯಾರು ಮಾಡಲು ಕೂತಾಗ, ಸಾವಿರ ಮಕ್ಕಳ ಶಾಲೆಯಲ್ಲಿ ಗಲಾಟೆ ಆದರೆ ಹೆಡ್‌ಮಾಸ್ಟರ ಗತಿ ಏನು ಎಂಬುದು ಅವಳಿಗೂ ಹೊಳೆಯಿತು. "ಚಿಕ್ಕಪ್ಪ, ಆ ಕಡೆಯವರು ಕೆಟ್ಟವರಲ್ಲ, ಅವರಿಗೂ ಭಯ ಇತ್ತು ಅಂತ ಗೊತ್ತಾಯ್ತು" ಅಂದಳು. ಮಹನೀಯರೇ, ಚುನಾವಣೆ ಮುಗಿದು ವರ್ಷಗಟ್ಟಲೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದ ಊರುಗಳನ್ನು ನಾವು ನೋಡಿದ್ದೇವೆ. ಎದುರಾಳಿಯ ವಾದವನ್ನು ನಾವೇ ಒಮ್ಮೆ ಮಾಡಿ ನೋಡುವ ಪಾಠ ನಮಗೆ ಯಾರೂ ಹೇಳಿಕೊಡಲಿಲ್ಲ.

ಇನ್ನು ರೈತರ ಮಕ್ಕಳ ವಿಷಯ. ಅಲ್ಲಿ ಹೈಸ್ಕೂಲಿನಲ್ಲಿ ಕೃಷಿ ಕಲಿಯುವ ಮಕ್ಕಳದ್ದೇ ಒಂದು ದೊಡ್ಡ ಸಂಘಟನೆ ಇದೆ. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ 'ಅಮೆರಿಕದ ಭಾವಿ ರೈತರು' ಎಂಬ ಅರ್ಥದ ಹೆಸರಿನಲ್ಲಿ ಶುರುವಾಯಿತು. ಈಗ ಎಫ್.ಎಫ್.ಎ. ಎಂದೇ ಕರೆಯುತ್ತಾರೆ. ಆ ಮಕ್ಕಳು ಬಿತ್ತನೆ, ದನ ಸಾಕಣೆ ಕಲಿಯುವ ಜೊತೆಗೆ ಸಭೆ ನಡೆಸುವುದನ್ನೂ ಕಲಿಯುತ್ತಾರೆ. ಅದಕ್ಕೆಂದೇ ಸ್ಪರ್ಧೆಗಳಿವೆ. ಅಧ್ಯಕ್ಷನ ಕೈಯಲ್ಲಿ ಮರದ ಸಣ್ಣ ಸುತ್ತಿಗೆ. ಎರಡು ಸಲ ಕುಟ್ಟಿದರೆ ಸಭೆ ಶುರು, ಮೂರು ಸಲ ಕುಟ್ಟಿದರೆ ಎಲ್ಲರೂ ಏಳಬೇಕು, ಒಂದು ಸಲ ಕುಟ್ಟಿದರೆ ಕೂರಬೇಕು. ಅಧ್ಯಕ್ಷನ ಜಾಗಕ್ಕೆ ಉದಯಿಸುವ ಸೂರ್ಯನ ಗುರುತು, ಉಪಾಧ್ಯಕ್ಷನಿಗೆ ನೇಗಿಲು, ಕಾರ್ಯದರ್ಶಿಗೆ ಜೋಳದ ತೆನೆ. ಖಜಾಂಚಿಯ ಜಾಗದಲ್ಲಿ ಮೊದಲ ರಾಷ್ಟ್ರಾಧ್ಯಕ್ಷ ವಾಷಿಂಗ್ಟನ್ ಅವರ ಚಿತ್ರ, ಯಾಕೆಂದರೆ ಅವರು ತಮ್ಮ ಹೊಲದ ಲೆಕ್ಕವನ್ನು ಬಹಳ ಎಚ್ಚರದಿಂದ ಬರೆದಿಡುತ್ತಿದ್ದರು. ಮಾರ್ಗದರ್ಶನ ಮಾಡುವ ಮೇಷ್ಟ್ರ ಜಾಗಕ್ಕೆ ಗೂಬೆಯ ಗುರುತು! ಮುಖ್ಯೋಪಾಧ್ಯಾಯರು ಕ್ಷಮಿಸಬೇಕು. ನಮ್ಮಲ್ಲಿ ಗೂಬೆ ಅಂದರೆ ಬೈಗುಳ, ಆ ಕಡೆ ಅದು ಜ್ಞಾನದ ಗುರುತು.

ಅಲ್ಲಿನ ಮಕ್ಕಳು ಒಂದು ವಿಷಯ ಸಭೆಯ ಮುಂದೆ ತರಬೇಕಾದರೆ ಎದ್ದು ನಿಂತು ಸೂಚನೆ ಮಂಡಿಸಬೇಕು. ಇನ್ನೊಬ್ಬರು ಅನುಮೋದಿಸಬೇಕು. ಆಮೇಲೆ ಚರ್ಚೆ, ತಿದ್ದುಪಡಿ, ಕೊನೆಗೆ ಮತ. ಸೋತವರು ಮತಕ್ಕೆ ತಲೆಬಾಗಬೇಕು, ಗೆದ್ದವರು ಸೋತವರ ಮಾತನ್ನೂ ಪೂರ್ತಿ ಕೇಳಿರಬೇಕು. ಇದಕ್ಕೆಲ್ಲ ಆಧಾರ 1876ರಲ್ಲಿ ಹೆನ್ರಿ ರಾಬರ್ಟ್ ಎಂಬ ಸೈನ್ಯದ ಇಂಜಿನಿಯರು ಬರೆದ ಸಭಾ ನಿಯಮಗಳ ಪುಸ್ತಕ. ಆ ಮನುಷ್ಯ ಒಮ್ಮೆ ಚರ್ಚಿನವರ ಒಂದು ಸಭೆಗೆ ಅಧ್ಯಕ್ಷತೆ ವಹಿಸಿ, ಸಭೆ ನಡೆಸಲು ಬಾರದೆ ಪೇಚಿಗೆ ಸಿಕ್ಕಿಕೊಂಡಿದ್ದನಂತೆ. ಆ ಅವಮಾನವೇ ಪುಸ್ತಕ ಬರೆಸಿತು. ನಮಗೂ ನಿಮಗೂ ಇದು ಸಮಾಧಾನದ ಮಾತು. ನಮ್ಮ ನಡವಳಿ ಪುಸ್ತಕದಲ್ಲೂ ಸೂಚಕರು, ಅನುಮೋದಕರು ಎಂಬ ಎರಡು ಸಾಲು ಪ್ರತಿ ಠರಾವಿನ ಕೆಳಗೂ ಇವೆ. ಎಷ್ಟೋ ಸಲ ಸಭೆ ಮುಗಿದ ಮೇಲೆ ಹೆಸರು ತುಂಬಿದ್ದೇವೆ.

ಈ ಸಂಘಟನೆಯೂ ದೋಷವಿಲ್ಲದ್ದಲ್ಲ. ಬಹಳ ಕಾಲ ಕಪ್ಪು ಜನರ ಮಕ್ಕಳಿಗೆ ಬೇರೆಯೇ ಸಂಘ ಇತ್ತು. 1965ರಲ್ಲಿ ಎರಡೂ ಒಂದಾದವು. ಹೆಣ್ಣುಮಕ್ಕಳಿಗೆ ದೇಶದ ಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ.

ಈಗ ಸಹಕಾರದ ಮಾತಿಗೆ ಬರೋಣ. ಮಕ್ಕಳಿಗೆ ಪೌರನೀತಿ ಕಲಿಸುವ ಕೆಲಸದಲ್ಲಿ ಅಲ್ಲಿನ ಸಹಕಾರ ಸಂಘಗಳೂ ಕೈ ಹಾಕಿವೆ. 1930ರ ದಶಕದ ನಡುವೆ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂಬತ್ತು ಮನೆಗೆ ಕರೆಂಟು ಇರಲಿಲ್ಲ ಎಂದರೆ ನಂಬುತ್ತೀರಾ? ಖಾಸಗಿ ಕಂಪನಿಗಳು ಲಾಭವಿಲ್ಲ ಎಂದು ಹಳ್ಳಿಗೆ ತಂತಿ ಎಳೆಯಲಿಲ್ಲ. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರು ಗ್ರಾಮೀಣ ವಿದ್ಯುದೀಕರಣಕ್ಕೆ ಒಂದು ಇಲಾಖೆ ಮಾಡಿದರು. ರೈತರು ತಾವೇ ಸಹಕಾರ ಸಂಘ ಕಟ್ಟಿಕೊಂಡು, ಸರ್ಕಾರದಿಂದ ಸಾಲ ಪಡೆದು, ತಾವೇ ಕಂಬ ನೆಟ್ಟು ಲೈನು ಎಳೆದುಕೊಂಡರು. ಬಳಸುವವನೇ ಸದಸ್ಯ, ಒಬ್ಬ ಸದಸ್ಯನಿಗೆ ಒಂದೇ ಓಟು. ಆ ಸಂಘಗಳು ಇಂದಿಗೂ ನಡೆಯುತ್ತಿವೆ.

1957ರಲ್ಲಿ ಆ ಸಂಘಗಳ ಮಹಾಸಭೆ ಷಿಕಾಗೋದಲ್ಲಿ ಸೇರಿತ್ತು. ಆಗ ಸೆನೆಟರ್ ಆಗಿದ್ದ ಲಿಂಡನ್ ಜಾನ್ಸನ್, ಮುಂದೆ ರಾಷ್ಟ್ರಾಧ್ಯಕ್ಷರಾದವರು, ನಿಮ್ಮ ಮಕ್ಕಳನ್ನು ರಾಜಧಾನಿಗೆ ಕಳಿಸಿ, ಸರ್ಕಾರ ಹೇಗೆ ನಡೆಯುತ್ತೆ ಎಂದು ಕಣ್ಣಾರೆ ನೋಡಲಿ ಎಂಬ ಅರ್ಥದ ಮಾತಾಡಿದರು. ಅವರೂ ಟೆಕ್ಸಾಸಿನ ಕರೆಂಟಿಲ್ಲದ ಹಳ್ಳಿಗಾಡಿನಲ್ಲಿ ಬೆಳೆದವರು. ಸಂಘಗಳು ಆ ಮಾತನ್ನು ಹಿಡಿದುಕೊಂಡವು. ಮೊದಲು ಒಂದೆರಡು ರಾಜ್ಯದವರು ಕಳಿಸಿದರು. 1964ರಿಂದ ಎಲ್ಲ ಕಡೆಯ ಸಂಘಗಳು ಕೂಡಿ ಪ್ರತಿ ಜೂನ್ ತಿಂಗಳಲ್ಲಿ ಹೈಸ್ಕೂಲು ಮಕ್ಕಳ ಪ್ರವಾಸ ಏರ್ಪಡಿಸಲು ಶುರು ಮಾಡಿದವು. ಪ್ರಬಂಧ ಬರೆಸಿ, ಸಂದರ್ಶನ ಮಾಡಿ ಮಕ್ಕಳನ್ನು ಆರಿಸುತ್ತಾರೆ. ಖರ್ಚು ಸಂಘದ್ದು. ಮಕ್ಕಳು ಸಂಸತ್ತಿನ ಮನೆ ನೋಡುತ್ತಾರೆ, ತಮ್ಮ ರಾಜ್ಯದ ಪ್ರತಿನಿಧಿಗಳನ್ನು ಎದುರಿಗೆ ಕಂಡು ಪ್ರಶ್ನೆ ಕೇಳುತ್ತಾರೆ. ಲೈಟು ಕೊಡುವ ಸಂಘ ಮಕ್ಕಳ ತಲೆಯೊಳಗೂ ಲೈಟು ಹಾಕಬೇಕು ಎಂದು ತಿಳಿದುಕೊಂಡಿದೆ.

ಅದೇ 1957ರಲ್ಲಿ ಅದೇ ದೇಶದ ದಕ್ಷಿಣದಲ್ಲಿ ನಡೆದ ಇನ್ನೊಂದು ಸಂಗತಿಯೂ ಸಹಕಾರಿಗಳು ತಿಳಿಯಬೇಕಾದದ್ದು. ಇದು ಮಕ್ಕಳ ಪಾಠದ ಕಥೆಯಲ್ಲ, ದೊಡ್ಡವರದ್ದು. ಈಗ ಅಲ್ಲಿನ ಮಕ್ಕಳು ಇತಿಹಾಸದಲ್ಲಿ ಓದುವ ಕಾಲದ್ದು. ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ ಚಾರ್ಲ್‌ಸ್ಟನ್ ಪಟ್ಟಣದ ಹತ್ತಿರ ಜಾನ್ಸ್ ಐಲ್ಯಾಂಡ್ ಎಂಬ ದ್ವೀಪವಿದೆ. ಅಲ್ಲಿ ಬಹಳ ಜನ ಹೊಲದ ಕೆಲಸ ಮಾಡುವ ಕಪ್ಪು ಜನ. ಕಾಗದದಲ್ಲಿ ಅವರು ಪೌರರು, 1868ರ ಹದಿನಾಲ್ಕನೆಯ ತಿದ್ದುಪಡಿಯೇ ಹಾಗೆ ಹೇಳುತ್ತದೆ. ಆದರೆ ಓಟರ ಪಟ್ಟಿಗೆ ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕು. ಓದು ಕಲಿಸಲಿಲ್ಲ, ಓದು ಬಾರದವರಿಗೆ ಓಟಿಲ್ಲ! ಇಸಾ ಜೆಂಕಿನ್ಸ್ ಎಂಬ ಬಸ್ಸು ಓಡಿಸುವಾತ ತನ್ನ ಬಸ್ಸಿನ ಪ್ರಯಾಣಿಕರಿಗೆ ದಾರಿಯಲ್ಲೇ ಅದನ್ನು ಹೇಳಿಕೊಡುತ್ತಿದ್ದ. ಒಬ್ಬ ಹೆಂಗಸು ಕೇಳಿ ಕೇಳಿ ಪೂರ್ತಿ ಬಾಯಿಪಾಠ ಮಾಡಿ ಪಟ್ಟಿಗೆ ಸೇರಿಯೂ ಬಿಟ್ಟಳು. ಆದರೆ ಆಕೆಗೆ ತೃಪ್ತಿಯಾಗಲಿಲ್ಲ. ನನಗೆ ನಿಜವಾಗಿ ಓದುವುದನ್ನು ಕಲಿಸಿ ಎಂದು ಕೇಳಿದಳು.

ಶಾಲೆ ಶುರುವಾಯಿತು. ಎಲ್ಲಿ ಗೊತ್ತೇ? ಅಲ್ಲಿನ ಜನ ಕಟ್ಟಿಕೊಂಡಿದ್ದ ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದೆ ದಿನಸಿ ವ್ಯಾಪಾರ, ಹಿಂದೆ ಪಾಠ. ಬಿಳಿಯರ ಕಣ್ಣಿಗೆ ಬೀಳದಿರಲಿ ಎಂದೇ ಆ ಏರ್ಪಾಡು. ಪಾಠ ಹೇಳಿದವರು ಬರ್ನೀಸ್ ರಾಬಿನ್ಸನ್, ಕೂದಲು ಅಲಂಕಾರ ಮಾಡುವ ಕಸುಬಿನವರು. ಮೇಷ್ಟರಿಕೆ ತರಬೇತಿ ಪಡೆದವರಲ್ಲ. ಮೊದಲ ದಿನವೇ ನಿಮಗೆ ಏನು ಕಲಿಯಬೇಕು ಎಂದು ಜನರನ್ನೇ ಕೇಳಿದರು. ತಮ್ಮ ಹೆಸರು ಬರೆಯಬೇಕು, ಮನಿಯಾರ್ಡರ್ ಫಾರಂ ತುಂಬಬೇಕು, ಓಟರ ಪಟ್ಟಿಗೆ ಸೇರಬೇಕು ಎಂದರು ಜನ. ಅದನ್ನೇ ಕಲಿಸಿದರು. ಇದರ ಹಿಂದೆ ನಿಂತವರು ಸೆಪ್ಟಿಮಾ ಕ್ಲಾರ್ಕ್ ಎಂಬ ಹಿರಿಯ ಶಿಕ್ಷಕಿ. ಕಪ್ಪು ಜನರ ಹಕ್ಕಿನ ಸಂಘದ ಸದಸ್ಯತ್ವ ಬಿಡಲೊಲ್ಲೆ ಎಂದದ್ದಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡವರು. ಪೌರತ್ವ ಶಾಲೆ ಎಂದು ಹೆಸರಾದ ಈ ಪಾಠ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿತು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆ ಅದನ್ನು ವಹಿಸಿಕೊಂಡಿತು. 1965ರ ಮತದಾನ ಹಕ್ಕಿನ ಕಾನೂನು ಬಂದು ಆ ಓದಿನ ಪರೀಕ್ಷೆಗಳಿಗೆ ತಡೆ ಬಿತ್ತು.

ನಾವು ಈ ಕಥೆಯನ್ನು ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು, "ಆ ಹೆಂಗಸು ಬಾಯಿಪಾಠಕ್ಕೇ ಸಾಕು ಅನ್ನಲಿಲ್ವಲ್ಲ" ಎಂದು ಎರಡು ಸಲ ಹೇಳಿದರು. ಅರಿಜೋನಾದ ನೂರು ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ. ಉತ್ತರ ಗೊತ್ತಿರಬೇಕು, ಅದು ಬೇಡವೆಂದಲ್ಲ. ಆದರೆ ಬರೀ ಬಾಯಿಪಾಠ ಪುಸ್ತಕದ ಬದನೆಕಾಯಿ. ಸಾರಿಗೆ ಬರುವುದಿಲ್ಲ.

ಅಮೆರಿಕದವರು ಇದರಲ್ಲಿ ಪೂರಾ ಗೆದ್ದಿದ್ದಾರೆಂದು ನಾವು ಹೇಳುತ್ತಿಲ್ಲ. 2022ರಲ್ಲಿ ಅಲ್ಲಿನ ಎಂಟನೆಯ ತರಗತಿ ಮಕ್ಕಳಿಗೆ ದೇಶದ ಮಟ್ಟದಲ್ಲಿ ಪೌರನೀತಿ ಪರೀಕ್ಷೆ ಮಾಡಿದಾಗ ಚೆನ್ನಾಗಿ ಬಲ್ಲವರೆಂಬ ಮಟ್ಟ ಮುಟ್ಟಿದವರು ನೂರಕ್ಕೆ 22 ಮಂದಿ ಮಾತ್ರ. ಹಿಂದೆ ನಮ್ಮವರ ವಿಷಯದಲ್ಲೂ ಅವರು ಬಾಗಿಲು ಮುಚ್ಚಿದ್ದರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅವರಿಗೆ ಪೌರತ್ವವಿಲ್ಲ ಎಂದಿತು. ಪಂಜಾಬಿನಿಂದ 1920ರಲ್ಲಿ ಓದಲು ಹೋದ ದಲೀಪ್ ಸಿಂಗ್ ಸೌಂದ್ ಗಣಿತದಲ್ಲಿ ಡಾಕ್ಟರೇಟ್ ಪಡೆದರೂ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿ ಬದುಕಿದರು. ಕಾನೂನು ಬದಲಾಗಲಿ ಎಂದು ಊರೂರು ತಿರುಗಿ ಭಾಷಣ ಮಾಡಿದರು. 1946ರಲ್ಲಿ ಕಾನೂನು ಬದಲಾಯಿತು, ಅವರು ಪೌರರಾದರು. 1956ರ ಚುನಾವಣೆಯಲ್ಲಿ ಗೆದ್ದು ಅಲ್ಲಿನ ಸಂಸತ್ತಿಗೆ ಹೋದ ಮೊದಲ ಭಾರತೀಯ ಮೂಲದವರಾದರು. ನಮ್ಮಂತೆ ರೈತರು! ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರು 2022ರಲ್ಲಿ ಮಿಷಿಗನ್ ರಾಜ್ಯದಿಂದ ಅದೇ ಮನೆಗೆ ಆಯ್ಕೆಯಾದರು. ಬಾಗಿಲು ತಾನಾಗಿ ತೆರೆಯಲಿಲ್ಲ, ತಟ್ಟಿದವರು ಇದ್ದರು.

ಮಕ್ಕಳೇ, ಅಲ್ಲಿ ಓಟಿನ ವಯಸ್ಸು 21 ಇತ್ತು. ಹದಿನೆಂಟರ ಹುಡುಗರನ್ನು ಯುದ್ಧಕ್ಕೆ ಕಳಿಸುತ್ತೀರಿ, ಓಟು ಯಾಕೆ ಕೊಡುವುದಿಲ್ಲ ಎಂಬ ಪ್ರಶ್ನೆ ಎದ್ದು 1971ರಲ್ಲಿ ಅದು 18ಕ್ಕೆ ಇಳಿಯಿತು. ನಮ್ಮ ದೇಶದಲ್ಲಿ 1989ರಲ್ಲಿ ಇಳಿಯಿತು. ನಿಮಗೆ ಇನ್ನು ಮೂರು ನಾಲ್ಕು ವರ್ಷ. ಅಷ್ಟರಲ್ಲಿ ಕಲಿಯುವುದು ಎಲ್ಲಿ? ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಎಂಬ ಒಳ್ಳೆಯ ಏರ್ಪಾಡು ಇದೆ, ಅದು ಪಂಚಾಯತಿಯದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸಂಘವೂ ಒಂದು ಸರ್ಕಾರವೇ. ಬೈಲಾ ಇದರ ಸಂವಿಧಾನ, ಮಹಾಸಭೆ ಇದರ ಸಂಸತ್ತು. ಇದಕ್ಕಿಂತ ಹತ್ತಿರದ ಪಾಠಶಾಲೆ ಎಲ್ಲಿ ಸಿಕ್ಕುತ್ತದೆ?

ಆದ್ದರಿಂದ ರಜತ ಮಹೋತ್ಸವದ ಈ ವೇದಿಕೆಯಿಂದ ನಾವು ಮೂರು ಸಲಹೆ ಇಡುತ್ತೇವೆ. ಒಂದು, ಬರುವ ವಾರ್ಷಿಕ ಮಹಾಸಭೆಗೆ ಒಂಬತ್ತು ಮತ್ತು ಹತ್ತನೆಯ ತರಗತಿ ಮಕ್ಕಳನ್ನು ಕರೆದು ಒಂದು ಬದಿಯಲ್ಲಿ ಕೂರಿಸಬೇಕು. ಅವರು ಓಟು ಹಾಕುವಂತಿಲ್ಲ. ಆದರೆ ಲೆಕ್ಕಪತ್ರ ಓದುವುದನ್ನು ಕೇಳಲಿ, ಕೊನೆಯಲ್ಲಿ ಪ್ರಶ್ನೆ ಕೇಳಲಿ, ನಾವು ಉತ್ತರ ಹೇಳಬೇಕು. ಮಕ್ಕಳು ನೋಡುತ್ತಿದ್ದರೆ ಕೋರಂ ಇಲ್ಲವೆಂದು ಸಭೆ ಮುಂದಕ್ಕೆ ಹಾಕಲು ನಮಗೂ ನಾಚಿಕೆಯಾದೀತು. ಎರಡು, ಬೈಲಾವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ನಾಲ್ಕು ಹಾಳೆಗೆ ಇಳಿಸಿ ಡೈರಿಯ ಗೋಡೆಗೆ ಅಂಟಿಸಬೇಕು. ಮೂರು, ಹಾಲು ಹಾಕುವ ಹೆಂಗಸರಿಗೆ ಅವರ ಹೆಸರಿನಲ್ಲೇ ಷೇರು ಕೊಡಬೇಕು.

ಮೂರನೆಯದನ್ನು ಬೇರೆಯವರಿಗೆ ಹೇಳುವ ಮುಂಚೆ ನಾವು ಮಾಡಬೇಕಲ್ಲ. ನಮ್ಮ ಬೈಲಾದಲ್ಲಿ ಇದಕ್ಕೆ ಅಡ್ಡಿ ಇಲ್ಲ ಎಂದು ಕಾರ್ಯದರ್ಶಿಗಳು ಓದಿ ತೋರಿಸಿದರು. ಇಷ್ಟು ದಿನ ಅಡ್ಡಿ ಇದ್ದದ್ದು ನಮ್ಮ ಮನಸ್ಸಿನಲ್ಲಿ. ಹೋದ ತಿಂಗಳು ನಮ್ಮ ಮನೆಯವರು ಅರ್ಜಿ ಕೊಟ್ಟು ಷೇರು ಹಣ ಕಟ್ಟಿದ್ದಾರೆ. ಇರುವ ಎರಡು ಹಸುಗಳಲ್ಲಿ ಒಂದರ ಹಾಲು ಈಗ ಅವರ ಪಾಸ್‌ಬುಕ್ಕಿಗೆ ಹೋಗುತ್ತಿದೆ. ಬೈಲಾದಲ್ಲಿ ಹೇಳಿದಷ್ಟು ದಿನ ಹಾಲು ಹಾಕಿದ ಮೇಲೆ ಅವರಿಗೂ ಓಟು ಬರುತ್ತದೆ. "ನನ್ನ ಓಟು ನಿಮಗೇ ಅಂತ ತಿಳ್ಕೋಬೇಡಿ, ಕೆಲಸ ನೋಡಿ ಹಾಕ್ತೀನಿ" ಎಂದು ಈಗಲೇ ಎಚ್ಚರಿಕೆ ಕೊಟ್ಟಿದ್ದಾರೆ. ಮುಂದಿನ ಚುನಾವಣೆಯಲ್ಲಿ ನಾವು ಅವಿರೋಧ ಆಯ್ಕೆ ಕೇಳುವುದಿಲ್ಲ. ನಿಲ್ಲುತ್ತೇವೆ, ಓಟು ಕೇಳುತ್ತೇವೆ, ಸೋತರೆ ಹಾಲು ಹಾಕಲು ಅದೇ ಸಾಲಿನಲ್ಲಿ ನಿಲ್ಲುತ್ತೇವೆ.

ಅಮೆರಿಕದ ಆ ಹುಡುಗಿಗೆ ಈ ಸಂಚಿಕೆಯ ಒಂದು ಪ್ರತಿ ಕಳಿಸುತ್ತೇವೆ. ತಡವರಿಸಿಕೊಂಡಾದರೂ ಓದಲಿ. ಚಿಕ್ಕಪ್ಪ ಬೈಲಾ ಓದಿದರು ಎಂಬುದು ತಿಳಿಯಲಿ.

 

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.